ಬೆನ್ನು ತಿರುಗಿಸಿ ಕುಳಿತವರ ಮಾತು

ಬೇರೆ ನುಡಿಯಲ್ಲಿ ಹುಟ್ಟಿದ ಚಿತ್ರಗಳಿಗೆ ನಮ್ಮ ನುಡಿಯ ಮಾತು ಕೊಡುವುದನ್ನು ಕಲೆಯೆಂದು ಕರೆಯಲು ಜನ ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಅದರಲ್ಲೂ ಅನಿಮೇಷನ್ ಚಿತ್ರವೆಂದರೆ ಹುಡುಗರ ಗೊಂಬೆಯಾಟವೆಂದು ದೊಡ್ಡವರು ಮೂಗು ಮುರಿಯುತ್ತಿದ್ದರು. ಗೊಂಬೆಯ ಬಾಯಿಗೆ ಮಾತು ತುಂಬುವವರನ್ನು ಬರಹಗಾರರ ಸಾಲಿನಲ್ಲಿ ಕೂರಿಸುವುದಿರಲಿ, ಆ ಸಾಲಿನ ಕೊನೆಯಲ್ಲಿ ಒಂದು ಮುರುಕು ಕುರ್ಚಿಯನ್ನೂ ಯಾರೂ ಹಾಕುತ್ತಿರಲಿಲ್ಲ. ಅಂಥ ಕಾಲದಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟು, ಹದಿಹರೆಯದ ಮಕ್ಕಳ ಅಳಲಿಗೆ, ನಾಚಿಕೆಗೆ, ಕಾರಣ ಹೇಳಲಾಗದ ಕಣ್ಣೀರಿಗೆ ನಮ್ಮ ಮನೆಮಾತಿನಲ್ಲೇ ದನಿಯುಂಟೆಂದು ತೋರಿಸಿಕೊಟ್ಟವರು, ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾದ ನಮ್ಮೆಲ್ಲರ ‘ತುಟಿ ಟೀಚರ್’.

ಈ ಹೆಸರು ಬಂದ ಬಗೆಯನ್ನು ಹೊಸಬರಿಗೆ ಹೇಳಲೇಬೇಕು. ಶಾಲೆಯೊಂದರಲ್ಲಿ ಕೆಲಕಾಲ ಪಾಠ ಹೇಳಿ, ಅದನ್ನು ಬಿಟ್ಟು, ನಮ್ಮ ಡಬ್ಬಿಂಗ್ ಸ್ಟುಡಿಯೊಗೆ ಸಂಭಾಷಣೆ ಬರೆಯಲು ಬಂದ ಹೊಸತರಲ್ಲಿ ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತು, ಸದ್ದನ್ನು ಪೂರ್ತಿ ಆರಿಸಿ, ಗೊಂಬೆಗಳ ತುಟಿಯನ್ನಷ್ಟೇ ನೋಡುತ್ತಿದ್ದರು. ಪರದೆಯ ಮೇಲೆ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಒಂದು ಪಕಾರವೋ ಬಕಾರವೋ ಮಕಾರವೋ ಬೀಳಬೇಕು. ಇಲ್ಲವಾದರೆ ಗೊಂಬೆ ಒಂದು ಕಡೆ, ಮಾತು ಒಂದು ಕಡೆ. ಹಾಗಾಗಿ ಟೀಚರ್ ಒಬ್ಬರೇ ಕುಳಿತು ‘ಬಾಪ್ಪ, ಬೇಡಮ್ಮ, ಪಾಪ’ ಎಂದು ಗೊಣಗಿಕೊಳ್ಳುವುದನ್ನು ಕಿಟಕಿಯಿಂದ ಕಂಡ ಕಾವಲುಗಾರ, ‘ಮೇಡಂ ಯಾರನ್ನೋ ಸಮಾಧಾನ ಮಾಡ್ತಿದ್ದಾರೆ ಸಾರ್, ಒಳಗೆ ನೋಡಿದ್ರೆ ಯಾರೂ ಇಲ್ಲ’ ಎಂದು ಕಚೇರಿಗೆ ಓಡಿಬಂದು ವರದಿ ಒಪ್ಪಿಸಿದ್ದ. ಅವನ ವರದಿಯಲ್ಲಿ ಸುಳ್ಳೇನೂ ಇರಲಿಲ್ಲವೆಂದು ಈಗ ಅನಿಸುತ್ತದೆ.

ಟೀಚರನ್ನು ಕುರಿತು ಬರೆಯುವುದೆಂದರೆ ಕಿವಿಯಣ್ಣನನ್ನು ಕುರಿತೂ ಬರೆದಂತೆಯೇ. ನಮ್ಮ ಧ್ವನಿ ಎಂಜಿನಿಯರಿಗೆ ಎಲ್ಲರೂ ಕರೆಯುವ ಹೆಸರದು. ಗಾಜಿನ ಆಚೆ ಮೈಕಿನ ಮುಂದೆ ಟೀಚರ್ ಕಲಾವಿದರನ್ನು ನಿಲ್ಲಿಸಿಕೊಂಡರೆ, ಗಾಜಿನ ಈಚೆ ಹೆಡ್‌ಫೋನ್ ಹಾಕಿಕೊಂಡು ಕಿವಿಯಣ್ಣ ಕೂರುತ್ತಿದ್ದರು. ಇಬ್ಬರೂ ಸೇರಿ ಮುಗಿಸಿದ ಚಿತ್ರಗಳಿಗೆ ಲೆಕ್ಕವಿಟ್ಟವರಿಲ್ಲ. ಮೂರನೆಯ ಕೋಣೆಯ ಫ್ಯಾನು ತಿರುಗಿದರೂ ಕಿವಿಯಣ್ಣನಿಗೆ ಕೇಳಿಸುತ್ತಿತ್ತು. ಕಲಾವಿದರ ಹೊಟ್ಟೆ ಗುರ್ ಎಂದರೆ ‘ಮೊದ್ಲು ತಿಂಡಿ ತಿಂದ್ಕೊಂಡು ಬಾ’ ಎಂದು ಕಳುಹಿಸುತ್ತಿದ್ದರು. ಎರಡು ಮಾತುಗಳ ನಡುವೆ ಕಲಾವಿದರು ಎಳೆದುಕೊಳ್ಳುವ ಉಸಿರನ್ನು ಒಂದೊಂದಾಗಿ ಹುಡುಕಿ ಅಳಿಸುವುದರಲ್ಲಂತೂ ಅವರನ್ನು ಮೀರಿಸುವವರಿರಲಿಲ್ಲ. ನಮ್ಮಲ್ಲಿ ಅದಕ್ಕೆ ‘ಉಸಿರು ತೊಳೆಯುವುದು’ ಎನ್ನುತ್ತೇವೆ. ಕಿವಿಯಣ್ಣ ತೊಳೆದ ಮಾತು ಒಗೆದು ಇಸ್ತ್ರಿ ಮಾಡಿದ ಅಂಗಿಯ ಹಾಗಿರುತ್ತದೆಂದು ಎಲ್ಲರೂ ಹೊಗಳುತ್ತಿದ್ದರು, ಆ ಹೊಗಳಿಕೆಯನ್ನು ಅವರೂ ಬೇಡವೆನ್ನುತ್ತಿರಲಿಲ್ಲ.

ಆ ದಿನಗಳಲ್ಲಿ ನಮ್ಮ ಚಿತ್ರಗಳ ಹದಿಹರೆಯದವರು ಮಾತನಾಡುತ್ತಿದ್ದ ರೀತಿಯನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ಹದಿಮೂರರ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ‘ನನ್ನ ಅಂತರಂಗದ ವೇದನೆಯನ್ನು ಅರಿಯುವವರಾರು’ ಎನ್ನುತ್ತಿದ್ದಳು. ಇನ್ನೊಂದು ಕಡೆ, ಹೆದರಿ ಬೆವರುವ ಹುಡುಗನೊಬ್ಬ ಬಂದರೆ ಅವನನ್ನು ನಗೆಪಾಟಲು ಮಾಡಿ, ‘ಮೆಂಟಲ್’ ಎಂದೋ ‘ತಲೆ ಕೆಟ್ಟಿದೆ’ ಎಂದೋ ಪಕ್ಕದ ಪಾತ್ರದಿಂದ ಅನ್ನಿಸಿ, ನಗು ಗಿಟ್ಟಿಸಿಕೊಳ್ಳುತ್ತಿದ್ದೆವು. ಮೂಲದಲ್ಲಿ ಆ ಮಾತೇ ಇರುತ್ತಿರಲಿಲ್ಲ. ಮನಸ್ಸಿನ ಕಾಯಿಲೆಗೆ ನಮ್ಮ ಬಳಿ ಎರಡೇ ಭಾಷೆಗಳಿದ್ದವು, ಒಂದು ಆಸ್ಪತ್ರೆಯ ಬೋರ್ಡಿನದು, ಇನ್ನೊಂದು ಬೀದಿಯ ಬೈಗುಳದ್ದು. ನಡುವೆ ಮನೆಯೊಳಗೆ ಮಕ್ಕಳು ನಿಜವಾಗಿ ಆಡುವ ಮಾತನ್ನು ಯಾರೂ ಬರೆದಿರಲಿಲ್ಲ.

ಟೀಚರ್ ಆ ಮಾತನ್ನು ಹುಡುಕಿಕೊಂಡು ಹೋದರು. ಶಾಲೆ ಬಿಡುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ನಿಂತು, ಬರಬೇಕಾದ ಬಸ್ಸುಗಳನ್ನೆಲ್ಲ ಬಿಟ್ಟು, ಮಕ್ಕಳ ಮಾತು ಕೇಳಿಸಿಕೊಂಡು ಬರುತ್ತಿದ್ದರು. ‘ಹದಿಹರೆಯದ ನಿಘಂಟು ಬಹಳ ಸಣ್ಣದು ಕಣ್ರೀ. ಏನಿಲ್ಲ, ಸುಮ್ನೆ, ಗೊತ್ತಿಲ್ಲ, ಬಿಡು ಅತ್ಲಾಗೆ. ಇಷ್ಟರಲ್ಲೇ ಇಡೀ ಮಹಾಭಾರತ ಹೇಳಿಬಿಡ್ತಾವೆ ಮುಂಡೇವು’ ಎಂದು ಅವರು ನಗುತ್ತಿದ್ದರು. ಭಯವೆಂಬ ಶಬ್ದವನ್ನು ಬಿಟ್ಟು ‘ಹೊಟ್ಟೇಲಿ ಏನೋ ಓಡಾಡ್ತಿದೆ’ ಎಂದು ಬರೆದರು. ದುಃಖವೆನ್ನುವ ಬದಲು ‘ಗಂಟಲಲ್ಲಿ ಸಿಕ್ಕಾಕ್ಕೊಂಡಿದೆ’ ಎಂದು ಬರೆದರು. ನಗುವಿಗಾಗಿ ಯಾರನ್ನೂ ಮೆಂಟಲ್ ಎನ್ನುವ ಹಾಗಿಲ್ಲವೆಂಬ ನಿಯಮವನ್ನು ಯಾರನ್ನೂ ಕೇಳದೆ ಸ್ಟುಡಿಯೊದಲ್ಲಿ ಜಾರಿಗೆ ತಂದರು. ನಮ್ಮಲ್ಲೊಬ್ಬರು ‘ಹಂಗಾದ್ರೆ ನಗು ಎಲ್ಲಿಂದ ತರೋದು ಟೀಚರ್’ ಎಂದು ಗೊಣಗಿದಾಗ, ‘ನಿಮ್ಮನ್ನೇ ಪರದೆ ಮೇಲೆ ಹಾಕೋಣ ಬಿಡಿ’ ಎಂದು ಬಾಯಿ ಮುಚ್ಚಿಸಿದರು.

ಆದರೆ ಒಂದು ಹಳೆಯ ರೂಢಿಯನ್ನು ಟೀಚರ್ ಕೂಡ ಬಿಟ್ಟಿರಲಿಲ್ಲ. ಪಾತ್ರ ನಮ್ಮ ಕಡೆ ಬೆನ್ನು ಮಾಡಿದಾಗ ಅದರ ತುಟಿ ಕಾಣುವುದಿಲ್ಲ. ಆಗ ಬರಹಗಾರ ಏನು ಬೇಕಾದರೂ ಆಡಿಸಬಹುದು, ಮೂಲದಲ್ಲಿ ಮೌನವಿದ್ದರೂ ಅಲ್ಲೊಂದು ಮಾತು ತುರುಕಬಹುದು. ಅದನ್ನು ನಾವು ‘ಪುಕ್ಕಟೆ ಜಾಗ’ ಎನ್ನುತ್ತಿದ್ದೆವು. ನಮಗೆ ಚಿತ್ರ ತಂದುಕೊಡುತ್ತಿದ್ದ ವಿತರಕರಿಗೆ ಪುಕ್ಕಟೆ ಜಾಗವೆಂದರೆ ಪಂಚಪ್ರಾಣ. ಸುಮ್ಮನಿರುವ ಪರದೆಯನ್ನು ಕಂಡರೆ ಅವರು ಗಡಿಯಾರ ನೋಡತೊಡಗುತ್ತಿದ್ದರು. ಸಿಟ್ಟಿಗೆದ್ದ ಮಗ ಅಪ್ಪನಿಗೆ ಬೆನ್ನು ಹಾಕಿ ಹೊರಟನೋ, ಬೆನ್ನ ಹಿಂದಿನಿಂದ ‘ಅಪ್ಪ ಹೇಳೋದು ನನ್ನ ಒಳ್ಳೇದಕ್ಕೇ’ ಎಂಬ ಮಾತು ಬಂದೇ ಬರುತ್ತಿತ್ತು. ಹದಿಹರೆಯದ ಮಕ್ಕಳು ತಂದೆತಾಯಿಗೆ ಬೆನ್ನು ತಿರುಗಿಸುವುದು ಹೆಚ್ಚಾದ್ದರಿಂದ ಇಂಥ ಜಾಗಗಳಿಗೆ ಬರವೇ ಇರಲಿಲ್ಲ. ಟೀಚರ್ ಈ ತುಂಬುವಿಕೆಯಲ್ಲಿ ಎತ್ತಿದ ಕೈ. ತಾಯಂದಿರು ಚಿತ್ರಮಂದಿರದಿಂದ ಕಣ್ಣೊರೆಸಿಕೊಂಡು ಹೊರಬರುತ್ತಿದ್ದರು.

ಹೀಗಿರುವಾಗ ನೆರಳು ಭಾರವಾದ ಹುಡುಗಿಯ ಚಿತ್ರ ಬಂದಿತು. ಅದರ ನಾಯಕಿಗೆ ಒಂದು ದಿನ ತನ್ನ ನೆರಳು ಒದ್ದೆ ಬಟ್ಟೆಯಂತೆ ತೂಗತೊಡಗುತ್ತದೆ. ದಿನೇ ದಿನೇ ಭಾರ ಹೆಚ್ಚಿ, ಶಾಲೆಗೆ ಹೋಗುವಾಗಲೂ ಆಡುವಾಗಲೂ ಅದನ್ನು ಎಳೆದುಕೊಂಡೇ ಓಡಾಡಬೇಕಾಗುತ್ತದೆ. ಬೇರೆ ಯಾರಿಗೂ ಅದು ಕಾಣುವುದಿಲ್ಲ. ವಿತರಕರು ‘ಖಿನ್ನತೆ ಅನ್ನೋ ಪದ ಒಂದೆರಡು ಸಲ ಬರ್ಲಿ ಮೇಡಂ, ಜನಕ್ಕೆ ತಿಳುವಳಿಕೆ ಬರುತ್ತೆ’ ಎಂದರು. ‘ಆ ಪದ ಡಾಕ್ಟರು ಹೇಳ್ತಾರೆ, ಹೇಳ್ಲೇಬೇಕು. ಹುಡುಗಿ ಮಾತ್ರ ಎಳೆಯೋಕಾಗ್ತಿಲ್ಲಮ್ಮ ಅಂತಾಳೆ ಅಷ್ಟೆ’ ಎಂದು ಟೀಚರ್ ಪಟ್ಟು ಹಿಡಿದರು.

ಚಿತ್ರದ ನಡುವೆ ಒಂದು ದೀರ್ಘ ದೃಶ್ಯವಿತ್ತು. ಹುಡುಗಿ ಮೆಟ್ಟಿಲ ಮೇಲೆ ನಮಗೆ ಬೆನ್ನು ಹಾಕಿ ಕುಳಿತಿರುತ್ತಾಳೆ. ಮೇಲಿನ ಮೆಟ್ಟಿಲಲ್ಲಿ ತಾಯಿ ಬಂದು ನಿಲ್ಲುತ್ತಾಳೆ, ಏನನ್ನೋ ಕೇಳಬೇಕೆಂದುಕೊಂಡು, ಕೇಳದೆ, ಒಳಗೆ ಹೋಗುತ್ತಾಳೆ. ಅಷ್ಟು ಹೊತ್ತೂ ಹುಡುಗಿಯ ಉಸಿರಾಟವೊಂದೇ ಕೇಳುತ್ತಿರುತ್ತದೆ. ಆ ಪಾತ್ರಕ್ಕೆ ದನಿ ಕೊಟ್ಟ ಕಲಾವಿದೆ ಎರಡು ಮಕ್ಕಳ ತಾಯಿ, ಆದರೂ ಮೈಕಿನ ಮುಂದೆ ನಿಂತರೆ ಒಂಬತ್ತನೆಯ ತರಗತಿ. ಉಸಿರನ್ನು ಚೆನ್ನಾಗಿಯೇ ಕೊಟ್ಟಿದ್ದಳು. ಕಿವಿಯಣ್ಣ ಎಂದಿನ ಅಭ್ಯಾಸದಂತೆ ಅದನ್ನು ತೊಳೆದುಹಾಕಿದರು. ಅದು ಮಾತಿನ ನಡುವಿನ ಕಸವಲ್ಲ, ಆ ದೃಶ್ಯದ ಜೀವವೇ ಅದೆಂದು ಕೈಗೆ ತಿಳಿಯಲಿಲ್ಲ. ಉಸಿರು ಹೋದ ಮೇಲೆ ದೃಶ್ಯ ಸತ್ತು ಬಿದ್ದಿತು. ನೋಡಿದ ವಿತರಕರು ಎದ್ದೇ ನಿಂತರು. ‘ಸೌಂಡ್ ಹೋಯ್ತು ಅಂತ ಜನ ಶಿಳ್ಳೆ ಹೊಡೀತಾರೆ ಮೇಡಂ. ಇಷ್ಟು ದೊಡ್ಡ ಪುಕ್ಕಟೆ ಜಾಗ! ಏನಾದ್ರೂ ಹಾಕಿ.’ ಬಿಡುಗಡೆ ಹತ್ತಿರವಾಗಿತ್ತು. ಟೀಚರ್ ಒಲ್ಲದ ಮನಸ್ಸಿನಿಂದ ಒಂದು ಮಾತು ಬರೆದುಕೊಟ್ಟರು: ‘ಅಮ್ಮಾ, ನಿನ್ನ ಮಡಿಲಲ್ಲಿ ತಲೆ ಇಟ್ಟರೆ ನನ್ನ ನೋವೆಲ್ಲಾ ಮಾಯ.’ ಕೇಳಲು ಬಹಳ ಚೆನ್ನಾಗಿತ್ತು.

ಇಲ್ಲಿಂದ ಮುಂದಿನದನ್ನು ಬರೆಯಲು ಅಪ್ಪಣೆ ಬೇಕಿತ್ತು. ಕಿವಿಯಣ್ಣ ಕೊಟ್ಟರು. ಅವರ ಮಗಳೂ ಕೊಟ್ಟಳು, ಒಂದು ಷರತ್ತಿನ ಮೇಲೆ: ‘ನನ್ ಬಾಯಲ್ಲಿ ದೊಡ್ಡ ದೊಡ್ಡ ಮಾತು ಹಾಕ್ಬೇಡಿ.’

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಕಿವಿಯಣ್ಣನ ಮನೆಯಲ್ಲಿ ಆಗಿದ್ದು ಅದೇ. ಮೂರನೆಯ ಕೋಣೆಯ ಫ್ಯಾನು ಕೇಳಿಸುತ್ತಿದ್ದ ಕಿವಿಗೆ ಪಕ್ಕದ ಕೋಣೆಯ ಮಗಳು ಕೇಳಿಸುತ್ತಿರಲಿಲ್ಲ. ಒಂಬತ್ತನೆಯ ತರಗತಿಗೆ ಕಾಲಿಟ್ಟ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು. ಬೆಳಗ್ಗೆ ಎಬ್ಬಿಸಿದರೆ ಏಳುತ್ತಿರಲಿಲ್ಲ, ಎದ್ದರೆ ಶೂ ಹಾಕಿಕೊಂಡು ಹಾಸಿಗೆಯ ಅಂಚಿನಲ್ಲೇ ಕೂತುಬಿಡುತ್ತಿದ್ದಳು. ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಿದ್ದಳು. ಹೊಟ್ಟೆಯ ಡಾಕ್ಟರು ಹೊಟ್ಟೆ ಸರಿಯಾಗಿದೆ ಎಂದರು. ಬೇಕರಿಯೊಂದರ ಗಲ್ಲಾದಲ್ಲಿ ಕೂರುತ್ತಿದ್ದ ತಾಯಿ, ವಯಸ್ಸಿನ ಸಿಡುಕೆಂದುಕೊಂಡು ಒಂದು ದಿನ ರೇಗಿ, ಒಂದು ದಿನ ಮುದ್ದಿಸಿ, ಎರಡೂ ಉಪಯೋಗವಿಲ್ಲವೆಂದು ಸೋತಿದ್ದಳು. ಕಿವಿಯಣ್ಣನಂತೂ ಮಗಳ ಎದುರು ಕುರ್ಚಿ ಎಳೆದುಕೊಂಡು, ಗಲ್ಲ ಹಿಡಿದೆತ್ತಿ, ‘ನನ್ ಮುಖ ನೋಡಿ ಹೇಳಮ್ಮ, ಏನಾಗಿದೆ?’ ಎಂದು ಕೇಳುತ್ತಿದ್ದರು. ‘ಏನಿಲ್ಲ’ ಎನ್ನುತ್ತಿದ್ದಳು. ಪ್ರೀತಿಯಿಂದಲೇ ಕೇಳುತ್ತಿದ್ದರು, ಪಾಪ. ಎಷ್ಟು ಪ್ರೀತಿಯಿಂದ ಕೇಳಿದರೆ ಅಷ್ಟು ಬೇಗ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಚಿತ್ರ ಹೊರಗೆ ಹೋಗುವ ಮೊದಲು ಒಂದು ಭಾನುವಾರ ಬೆಳಗ್ಗೆ ಅದನ್ನು ಸ್ಟುಡಿಯೊದವರ ಮಕ್ಕಳಿಗೆ ತೋರಿಸುವುದು ಟೀಚರ್ ಹಾಕಿಕೊಟ್ಟ ಪದ್ಧತಿ. ದೊಡ್ಡವರು ಹಿಂದಿನ ಸಾಲಿನಲ್ಲಿ ಕೂತು ಪರದೆಯನ್ನಲ್ಲ, ಮಕ್ಕಳ ತಲೆಗಳನ್ನು ನೋಡಬೇಕು; ತಲೆಗಳು ಎಲ್ಲಿ ಅಲ್ಲಾಡುತ್ತವೋ ಅಲ್ಲಿ ಬರವಣಿಗೆ ಕೆಟ್ಟಿದೆ ಎಂದರ್ಥ. ಆ ಭಾನುವಾರ ಕಿವಿಯಣ್ಣ ಮಗಳನ್ನು ಹೇಗೋ ಒಪ್ಪಿಸಿ ಕರೆತಂದಿದ್ದರು. ಅವಳು ಬಾಗಿಲ ಬದಿಯ ಕುರ್ಚಿಯಲ್ಲಿ ಕೂತು, ಚಿತ್ರ ಶುರುವಾದ ಮೇಲೆ ಒಂದು ಸಲವೂ ಅಲ್ಲಾಡಲಿಲ್ಲ. ನೆರಳನ್ನು ಎಳೆದುಕೊಂಡು ಪರದೆಯ ಹುಡುಗಿ ಬಸ್ ಹತ್ತುವಾಗ ಮಗಳ ಕೈ ಎದುರಿನ ಕುರ್ಚಿಯನ್ನು ಹಿಡಿದುಕೊಂಡಿತು. ಟೀಚರ್ ಅದನ್ನು ಕಂಡರು. ಮೆಟ್ಟಿಲಿನ ದೃಶ್ಯ ಬಂದಿತು. ಬೆನ್ನು ಹಾಕಿ ಕುಳಿತ ಹುಡುಗಿ, ‘ಅಮ್ಮಾ, ನಿನ್ನ ಮಡಿಲಲ್ಲಿ’ ಎಂದಳೋ ಇಲ್ಲವೋ, ಕಿವಿಯಣ್ಣನ ಮಗಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಹೊರಟುಹೋದಳು.

ಹಿಂದೆಯೇ ಹೋಗಲು ಎದ್ದ ಕಿವಿಯಣ್ಣನ ತೋಳು ಹಿಡಿದು ಕೂರಿಸಿ ಟೀಚರ್ ತಾವೇ ಹೋದರು. ನಮ್ಮ ಸ್ಟುಡಿಯೊದ ಹಿಂದಿನ ಮೆಟ್ಟಿಲು ಕಬ್ಬಿಣದ್ದು, ಹಳೆಯ ಪೆಟ್ಟಿಗೆಗಳನ್ನು ಒಟ್ಟಿರುವ ಜಾಗ. ಹುಡುಗಿ ಅಲ್ಲಿ ಮೊಣಕಾಲು ತಬ್ಬಿ ಕುಳಿತಿದ್ದಳು. ಟೀಚರ್ ಅವಳ ಪಕ್ಕ ಕೂರಲಿಲ್ಲ, ಎದುರು ನಿಲ್ಲಲೂ ಇಲ್ಲ. ಅವಳನ್ನು ದಾಟಿ ಇಳಿದು, ಎರಡು ಮೆಟ್ಟಿಲು ಕೆಳಗೆ, ಅವಳಿಗೆ ಬೆನ್ನು ಹಾಕಿ ಕುಳಿತರು. ಯೋಚಿಸಿ ಮಾಡಿದ್ದೋ, ಅಷ್ಟು ವರ್ಷದ ಕಸುಬು ಮೈಯಿಂದ ಮಾಡಿಸಿದ್ದೋ ಅವರಿಗೇ ತಿಳಿಯದು.

‘ಆ ಮಾತು ಬರೆದೋಳು ನಾನೇ,’ ಎಂದರು. ‘ಚೆನ್ನಾಗಿಲ್ವಾ?’

ಹಿಂದೆ ಕಬ್ಬಿಣದ ಮೆಟ್ಟಿಲನ್ನು ಉಗುರಿನಿಂದ ಕೆರೆಯುವ ಸದ್ದಾಯಿತು. ಆಮೇಲೆ, ‘ಅವಳು ಹಾಗನ್ನಲ್ಲ.’

‘ಮತ್ತೇನಂತಾಳೆ?’

‘ಏನೂ ಅನ್ನಲ್ಲ. ಅನ್ನೋಕಾಗಿದ್ರೆ ಅಲ್ಲಿ ಯಾಕೆ ಕೂತಿರ್ತಿದ್ಲು?’

ಟೀಚರ್ ತಿರುಗಲಿಲ್ಲ. ತಿರುಗಬೇಕೆಂದು ಕತ್ತಿನ ನರಗಳೆಲ್ಲ ಸೆಳೆಯುತ್ತಿದ್ದವಂತೆ. ಎದುರಿನ ಗೋಡೆಯನ್ನೇ ನೋಡುತ್ತಾ, ‘ನಿನ್ ನೆರಳೂ ಭಾರ ಆಗಿದ್ಯಾ ಪುಟ್ಟಿ?’ ಎಂದು ಕೇಳಿದರು. ಆಗ ಆ ಹುಡುಗಿ ಮಾತನಾಡಿದಳು. ಬಸ್ಸಿನಲ್ಲಿ ಎದೆ ಹೊಡೆದುಕೊಳ್ಳುವುದು, ತರಗತಿಯಲ್ಲಿ ಅಕ್ಷರಗಳು ಸುಮ್ಮನೆ ಸಾಲಾಗಿ ನಿಂತಿರುವುದು, ಗೆಳತಿಯರು ನಕ್ಕಾಗ ತಾನೂ ಬಾಯಿ ಅಗಲಿಸುವುದು, ಎಲ್ಲವನ್ನೂ ತುಂಡುತುಂಡಾಗಿ ಹೇಳಿದಳು. ಕೊನೆಗೆ, ‘ಬೆಳಗ್ಗೆ ಎಚ್ಚರನೇ ಆಗ್ದಿದ್ರೆ ಚೆನ್ನಾಗಿರುತ್ತೆ ಅನ್ಸುತ್ತೆ ಟೀಚರ್. ದಿನಾ ಅನ್ಸುತ್ತೆ’ ಎಂದಳು.

ಟೀಚರ್ ಮೆಟ್ಟಿಲಿನ ಕಂಬಿ ಹಿಡಿದುಕೊಂಡರು. ಆದರೆ ದನಿ ಅಲುಗಲಿಲ್ಲ. ‘ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇದನ್ನ ನಾನು ನನ್ನಲ್ಲೇ ಇಟ್ಕೊಳ್ಳೋಕಾಗಲ್ಲ ಮಗಳೇ, ಇಟ್ಕೊಳ್ಳೋದೂ ಇಲ್ಲ. ಇವತ್ತೇ ನಿಮ್ಮಪ್ಪಂಗೆ ಗೊತ್ತಾಗ್ಬೇಕು. ನೀನು ಹೇಳ್ತೀಯಾ, ನಾನು ಹೇಳ್ಲಾ?’

‘ನಾನೇ ಹೇಳ್ಬೇಕು ಅಂತ ಎಷ್ಟು ಸಲ ಅಂದ್ಕೊಂಡಿದ್ದೀನಿ. ಅಪ್ಪ ಮುಖ ನೋಡ್ತಾರೆ. ಅವ್ರ ಮುಖ ಸಣ್ಣದಾಗುತ್ತೆ. ಆಗ ಏನೂ ಬರಲ್ಲ.’

‘ಅಷ್ಟೇ ತಾನೆ? ನೋಡದ ಹಾಗೆ ಮಾಡೋಣ ಬಿಡು.’

ಚಿತ್ರ ಮುಗಿದ ಮೇಲೆ ಟೀಚರ್ ಕಿವಿಯಣ್ಣನನ್ನು ಮಿಕ್ಸಿಂಗ್ ಕೋಣೆಗೆ ಕರೆದು ಬಾಗಿಲು ಹಾಕಿದರು. ‘ಮಗಳು ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಈಗ ಮನೆಗೆ ಹೋಗಿ ಪಾತ್ರೆ ತೊಳೀತಾ ನಿಂತ್ಕೊಳ್ಳಿ. ಅವಳು ಹಿಂದೆ ಬಂದು ಕೂತ್ಕೋತಾಳೆ. ಏನೇ ಕೇಳಿಸ್ಲಿ, ತಿರುಗ್ಬೇಡಿ. ಮಧ್ಯೆ ಬಾಯಿ ಹಾಕ್ಬೇಡಿ. ಹೇಳಿ ಮುಗಿಸ್ದೆ ಇದ್ರೆ ಸಾಯಂಕಾಲ ನಾನೇ ಬಂದು ಹೇಳ್ತೀನಿ, ಅಲ್ಲೀವರೆಗೂ ಅವಳನ್ನ ಒಬ್ಬಳನ್ನೇ ಬಿಡ್ಬೇಡಿ.’

‘ಟೀಚರ್, ಏನಾಗಿದೆ ಅಂತ ಹೇಳಿ.’

‘ನಿಮ್ ಕಿವಿ ಬಗ್ಗೆ ಊರೇ ಹೊಗಳುತ್ತೆ. ಇವತ್ತು ಅದನ್ನ ಮನೇಲಿ ಉಪಯೋಗಿಸಿ.’

ಮಧ್ಯಾಹ್ನದ ಬಿಸಿಲು ಅಡುಗೆಮನೆಯ ಕಿಟಕಿಯಲ್ಲಿತ್ತು. ತಾಯಿ ಬೇಕರಿಯಲ್ಲಿದ್ದಳು. ಕಿವಿಯಣ್ಣ ತೋಳು ಮಡಚಿ, ಬೆಳಗಿನ ಪಾತ್ರೆಗಳನ್ನೆಲ್ಲ ತೊಟ್ಟಿಗೆ ಹಾಕಿ ತಿಕ್ಕಲು ನಿಂತರು. ತೊಳೆದ ಲೋಟವನ್ನೇ ಮತ್ತೆ ತೊಳೆದರು. ಹಿಂದೆ ಸ್ಟೂಲು ಎಳೆದ ಸದ್ದಾಯಿತು. ಮಗಳು ಕುಳಿತಳು. ಕಿವಿಯಣ್ಣ ನಲ್ಲಿ ನಿಲ್ಲಿಸಿದರು. ಆಗ ಅವರಿಗೆ ಕೇಳಿಸಿದ್ದು ಮಗಳ ಉಸಿರು. ಒಳಗೆ ಎಳೆದುಕೊಳ್ಳುತ್ತಿದ್ದಳು, ಮಾತಿನ ಅಂಚಿನವರೆಗೆ ಬಂದು ಹಾಗೇ ಬಿಟ್ಟುಬಿಡುತ್ತಿದ್ದಳು. ಮತ್ತೆ ಎಳೆದುಕೊಳ್ಳುತ್ತಿದ್ದಳು. ಜೀವಮಾನವೆಲ್ಲ ಬೇಡದ ಸದ್ದೆಂದು ಹುಡುಕಿ ಅಳಿಸಿದ್ದ ಉಸಿರು. ಹೇಳಲಾಗದವರ ಮಾತೆಲ್ಲ ಅದರಲ್ಲೇ ಇರುತ್ತದೆಂದು ಅವರಿಗೆ ಆ ತೊಟ್ಟಿಯ ಮುಂದೆ ನಿಂತಾಗ ತಿಳಿಯಿತು. ತಿಂಗಳುಗಳಿಂದ ಈ ಉಸಿರು ಈ ಮನೆಯಲ್ಲೇ ಇತ್ತು, ತಾನು ಮಾತಿಗಾಗಿ ಕಾದು ಇದನ್ನು ಕೇಳಿಸಿಕೊಳ್ಳಲಿಲ್ಲ ಎಂದು ಕಣ್ಣು ತುಂಬಿ ಬಂದಿತು. ಒರೆಸಿಕೊಳ್ಳಲು ಕೈಯೆತ್ತಿದರೆ ಅವಳಿಗೆ ಗೊತ್ತಾಗುತ್ತದೆಂದು ಒರೆಸಿಕೊಳ್ಳಲಿಲ್ಲ.

ಮಗಳು ಹೇಳಿದಳು. ಮೆಟ್ಟಿಲ ಮೇಲೆ ಹೇಳಿದ್ದನ್ನೆಲ್ಲ ಹೇಳಿದಳು, ಕೊನೆಯ ಮಾತನ್ನೂ ಬಿಡದೆ ಹೇಳಿದಳು. ಆ ಮಾತಿಗೆ ಕಿವಿಯಣ್ಣನ ಕೈಯಿಂದ ಲೋಟ ಜಾರಿ ತೊಟ್ಟಿಯಲ್ಲಿ ಬಿದ್ದು ಸದ್ದಾಯಿತು. ತಿರುಗಲಿಲ್ಲ.

‘ಅಪ್ಪ, ಕೇಳಿಸ್ತಾ?’

‘ಕೇಳಿಸ್ತಮ್ಮ. ಎಲ್ಲಾ ಕೇಳಿಸ್ತು.’

‘ಬೈತೀಯಾ?’

‘ಇಲ್ಲ. ನಾಳೆ ಡಾಕ್ಟರ್ ಹತ್ರ ಹೋಗೋಣ. ಮನಸ್ಸಿನ ಡಾಕ್ಟರ್ ಹತ್ರ. ನಾನೂ ಬರ್ತೀನಿ, ಅಮ್ಮನೂ ಬರ್ತಾಳೆ.’ ಮುಖ ತೊಟ್ಟಿಯ ಕಡೆಗೇ ಇಟ್ಟು ಕೇಳಿದರು, ‘ಈಗ ತಿರುಗ್ಲಾ?’

‘ಹ್ಞೂಂ’ ಎಂದಳು. ಅವರು ಸೋಪಿನ ಕೈಯಲ್ಲೇ ಮಗಳನ್ನು ತಬ್ಬಿಕೊಂಡರು. ಅವಳ ಬೆನ್ನೆಲ್ಲ ಒದ್ದೆಯಾಯಿತು. ‘ಅಯ್ಯೋ ಅಪ್ಪ, ಕೈ!’ ಎಂದು ಅವಳು ಬೈದಳು. ಎಷ್ಟೋ ದಿನದ ಮೇಲೆ ಮಗಳು ಬೈದದ್ದನ್ನು ಕೇಳಿ ಹೋದ ಜೀವ ಬಂದಂತಾಯಿತೆಂದು ಕಿವಿಯಣ್ಣ ಇಂದಿಗೂ ಹೇಳುತ್ತಾರೆ.

ಮನೋವೈದ್ಯೆ ಎಲ್ಲವನ್ನೂ ಕೇಳಿ, ಕಾಯಿಲೆಯ ಹೆಸರು ಹೇಳಿ, ಇದು ವಾಸಿಯಾಗುವಂಥದ್ದೆಂದರು. ‘ಸರಿಯಾದ ಹೊತ್ತಿಗೆ ಬಂದ್ರಿ’ ಎಂದೂ ಹೇಳಿದರು. ಒಂದೇ ವಾರದಲ್ಲಿ ಎಲ್ಲ ಸರಿಹೋಯಿತೆಂದು ಬರೆದರೆ ಪುಕ್ಕಟೆ ಜಾಗ ತುಂಬಿದಂತಾಗುತ್ತದೆ. ಔಷಧ, ಮಾತುಕತೆ, ಮತ್ತೆ ಕೆಟ್ಟ ಬೆಳಗುಗಳು, ಶಾಲೆಯವರೊಂದಿಗೆ ಜಗ್ಗಾಟ ಎಲ್ಲವೂ ನಡೆದವು. ಆದರೂ ನೆರಳು ಹಗುರಾಗುತ್ತಾ ಹೋಯಿತು. ಮುಂದಿನ ಪರೀಕ್ಷೆಯ ಹೊತ್ತಿಗೆ ಅವಳು ಬೆಳಗ್ಗೆ ತಾನಾಗಿ ಎದ್ದು, ಬಚ್ಚಲಿನ ಬಾಗಿಲು ಬಡಿದು, ಒಳಗಿದ್ದ ಅಪ್ಪನನ್ನು ‘ಎಷ್ಟೊತ್ತು?’ ಎಂದು ಗದರುವಷ್ಟಾಗಿದ್ದಳು. ಆ ಬಡಿತ ಕೇಳಿದಾಗಲೆಲ್ಲ ತಾಯಿ ಅಡುಗೆಮನೆಯಲ್ಲಿ ನಿಂತಲ್ಲೇ ನೆಮ್ಮದಿಯ ನಿಟ್ಟುಸಿರು ಬಿಡುತ್ತಿದ್ದಳಂತೆ.

ಚಿತ್ರದ ಕಥೆಯೂ ಉಳಿದಿದೆಯಲ್ಲ. ಆ ಭಾನುವಾರದ ಮರುದಿನವೇ ವೈದ್ಯೆಯ ಬಳಿಯಿಂದ ನೇರ ಸ್ಟುಡಿಯೊಗೆ ಬಂದ ಕಿವಿಯಣ್ಣ, ಅಳಿಸಿದ ಉಸಿರು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದರು. ಉಳಿದಿರಲಿಲ್ಲ, ತೊಳೆಯುವುದರಲ್ಲಿ ಅಷ್ಟು ಅಚ್ಚುಕಟ್ಟು ಅವರದು. ಕಲಾವಿದೆಯನ್ನು ಮತ್ತೆ ಕರೆಸಬೇಕಾಯಿತು. ಟೀಚರ್ ಅವಳನ್ನು ಗಾಜಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದರು. ‘ಏನೋ ಹೇಳ್ಬೇಕು, ಹೇಳ್ಬೇಡ. ಅಷ್ಟೇ’ ಎಂದರು. ಗಾಜಿನ ಈಚೆ ಕಿವಿಯಣ್ಣ ಕಣ್ಣು ಮುಚ್ಚಿ ಕೇಳಿದರು, ಒಂದನ್ನೂ ತೊಳೆಯಲಿಲ್ಲ.

ವಿತರಕರು ಹಾರಾಡಿದರು. ‘ಮಡಿಲಿನ ಡೈಲಾಗ್ ಎಷ್ಟು ಚೆನ್ನಾಗಿತ್ತು ಮೇಡಂ!’ ಟೀಚರ್, ‘ಚೆನ್ನಾಗಿತ್ತು. ಅದನ್ನ ನೀವು ಮನೆಗೆ ತಗೊಂಡ್ಹೋಗಿ’ ಎಂದರು. ಬಿಡುಗಡೆಯ ದಿನ ವಿತರಕರು ಶಿಳ್ಳೆಗೆ ಹೆದರಿ ಹಿಂದಿನ ಬಾಗಿಲ ಬಳಿಯೇ ನಿಂತಿದ್ದರು. ಮೆಟ್ಟಿಲಿನ ದೃಶ್ಯ ಬಂದಾಗ ಇಡೀ ಚಿತ್ರಮಂದಿರ ಉಸಿರಿಗೆ ಕಿವಿಗೊಟ್ಟು ಕುಳಿತಿತು. ಶಿಳ್ಳೆ ಬೀಳಲಿಲ್ಲ. ವಿತರಕರು ತಪ್ಪೊಪ್ಪಿಕೊಳ್ಳುವ ಜಾತಿಯಲ್ಲ. ಮುಂದಿನ ಚಿತ್ರಕ್ಕೆ ಬಂದಾಗ, ‘ಬೆನ್ನು ಕಾಣಿಸೋ ಕಡೆ ಏನೂ ಹಾಕ್ಬೇಡಿ ಮೇಡಂ, ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೀನಿ’ ಎಂದರು.

ಆ ಬಳಿಕದ ವರ್ಷಗಳಲ್ಲಿ ಟೀಚರ್ ಎಷ್ಟೋ ಹೊಸ ಬರಹಗಾರರನ್ನು ತಯಾರು ಮಾಡಿದರು. ಮಕ್ಕಳ ಮನಸ್ಸಿನ ಬಗ್ಗೆ ಬರೆಯಲು ಬಂದವರಿಗೆ ಅವರು ಮೊದಲು ಕೊಡುತ್ತಿದ್ದ ಕೆಲಸ ಮಾತು ಬರೆಯುವುದಲ್ಲ, ಎಲ್ಲಿ ಬರೆಯಬಾರದೆಂದು ಗುರುತು ಹಾಕುವುದು. ಗಾಬರಿಗೊಂಡ ಪಾತ್ರಕ್ಕೆ ಗಾದೆ ಹೇಳಿಸಿದವರನ್ನು ಅವರು ಕ್ಷಮಿಸುತ್ತಿರಲಿಲ್ಲ. ಆದರೆ ಬೈಸಿಕೊಂಡ ಬರಹಗಾರ ಮುಖ ಊದಿಸಿಕೊಂಡು ಹಿಂದಿನ ಮೆಟ್ಟಿಲಿಗೆ ಹೋದರೆ, ಸ್ವಲ್ಪ ಹೊತ್ತಿನಲ್ಲಿ ಎರಡು ಮೆಟ್ಟಿಲು ಕೆಳಗೆ ಯಾರೋ ಬಂದು ಬೆನ್ನು ಹಾಕಿ ಕುಳಿತ ಸದ್ದಾಗುತ್ತಿತ್ತು. ಆ ಮೆಟ್ಟಿಲಲ್ಲಿ ಅವರಿಗೆ ತಮ್ಮ ಮನೆಯ ಕಷ್ಟ ಹೇಳಿಕೊಳ್ಳದವರು ನಮ್ಮಲ್ಲಿ ಕಡಿಮೆ.

ಕಳೆದ ತಿಂಗಳು ಸ್ಟುಡಿಯೊದಲ್ಲಿ ಅವರಿಗೆ ಬೀಳ್ಕೊಡುಗೆ ನಡೆಯಿತು. ದೊಡ್ಡ ಕೋಣೆಯಲ್ಲಿ ಕುರ್ಚಿಗಳನ್ನು ಹಾಕಿ, ಎಲ್ಲರೂ ಮಾತನಾಡಿದೆವು. ವಿತರಕರು ಎಲ್ಲರಿಗಿಂತ ಹೆಚ್ಚು ಮಾತನಾಡಿದರು. ಕಿವಿಯಣ್ಣನ ಮಗಳೂ ಬಂದಿದ್ದಳು. ಈಗ ಅವಳು ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷಿಸುವ ಎಂಜಿನಿಯರು, ಎಷ್ಟು ಭಾರ ಎತ್ತಬಹುದೆಂದು ಬರೆದು ಸಹಿ ಹಾಕುವವಳು. ಕೊನೆಗೆ ಟೀಚರ್ ಎದ್ದು ನಿಂತರು. ಎಷ್ಟೋ ಸಾವಿರ ಬಾಯಿಗಳಿಗೆ ಮಾತು ಕೊಟ್ಟ ಅವರಿಗೆ ಮಾತು ಹೊರಡಲಿಲ್ಲ. ‘ಚೆನ್ನಾಗಿದ್ದೀನಿ. ಏನಿಲ್ಲ’ ಎಂದು ಕುಳಿತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು.

ಕಿವಿಯಣ್ಣನ ಮಗಳು ಚಪ್ಪಾಳೆ ತಟ್ಟಲಿಲ್ಲ. ತನ್ನ ಕುರ್ಚಿಯನ್ನು ಎತ್ತಿಕೊಂಡು ಮುಂದೆ ಹೋಗಿ, ಟೀಚರ್ ಕುರ್ಚಿಗೆ ಬೆನ್ನು ತಾಗಿಸಿ ಇಟ್ಟು, ನಮ್ಮೆಲ್ಲರಿಗೂ ಅವರಿಗೂ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಮೊದಲು ಕಿವಿಯಣ್ಣ ಎದ್ದು ತಮ್ಮ ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡರು. ಅವರನ್ನು ನೋಡಿ ಕಲಾವಿದೆ, ಕಾವಲುಗಾರ, ನಾವೆಲ್ಲರೂ, ಕೊನೆಗೆ ಗೊಣಗುತ್ತಾ ವಿತರಕರು ಕೂಡ ತಿರುಗಿ ಕುಳಿತೆವು.

ನಮ್ಮ ಬೆನ್ನ ಹಿಂದೆ ಟೀಚರ್ ಒಂದು ಉಸಿರು ಎಳೆದುಕೊಂಡರು. ಬಿಟ್ಟರು. ಮತ್ತೆ ಎಳೆದುಕೊಂಡರು.

‘ನಾಳೆ ಬೆಳಗ್ಗೆ ಎದ್ದು ಏನ್ಮಾಡೋದು ಅಂತ ಹೊಟ್ಟೇಲಿ ಏನೋ ಓಡಾಡ್ತಿದೆ ಕಣೇ,’ ಎಂದರು.

‘ಕೇಳಿಸ್ತು ಟೀಚರ್,’ ಎಂದಳು ಅವಳು. ‘ಎಲ್ಲಾ ಕೇಳಿಸ್ತು. ಭಾನುವಾರ ಮಕ್ಕಳಿಗೆ ಹೊಸ ಚಿತ್ರ ತೋರಿಸ್ತಾರಂತೆ. ನೀವು ಬರ್ಬೇಕು, ನಾನೂ ಬರ್ತೀನಿ.’

ಟೀಚರ್ ನಕ್ಕದ್ದು ನಮಗೆ ಬೆನ್ನಿಗೇ ಗೊತ್ತಾಯಿತು.

ಆ ಭಾನುವಾರ ಅವರು ಬಂದರು. ಇನ್ನು ಮುಂದೆಯೂ ಪ್ರತಿ ಹೊಸ ಚಿತ್ರಕ್ಕೂ ಬಂದು ಹಿಂದಿನ ಸಾಲಿನಲ್ಲಿ ಕೂತು ಮಕ್ಕಳ ತಲೆಗಳನ್ನು ನೋಡುವುದಾಗಿ ಒಪ್ಪಿದ್ದಾರೆ. ಸಂಬಳವಿಲ್ಲದ ಈ ಕೆಲಸಕ್ಕೆ ನಿವೃತ್ತಿಯೂ ಇಲ್ಲ. ನಮ್ಮ ಟೀಚರ್ ತುಂಬು ಆರೋಗ್ಯದಿಂದ ನೂರು ಕಾಲ ನಮ್ಮ ನಡುವೆ ಇರಲಿ. ಇನ್ನೂ ಬಾರದ ಚಿತ್ರಗಳ, ಇನ್ನೂ ಹುಟ್ಟದ ಮಕ್ಕಳ ‘ಏನಿಲ್ಲ’ವನ್ನು ಅವರು ಕೇಳಿಸಿಕೊಳ್ಳುತ್ತಿರಲಿ. ಹಿಂದಿನ ಮೆಟ್ಟಿಲನ್ನು ಪೆಟ್ಟಿಗೆಗಳಿಂದ ಬಿಡಿಸಿ ಒರೆಸಿಟ್ಟಿದ್ದೇವೆ. ಅವರು ಯಾರಿಗಾದರೂ ಬೆನ್ನು ಹಾಕಿ ಕೂತಾಗಲೆಲ್ಲ, ಅವರ ಬೆನ್ನಿಗೂ ನಮ್ಮಲ್ಲೊಬ್ಬರು ಇರುತ್ತೇವೆ.